ಹನ್ನೊಂದು ಕೌನ್ಸಿಲರ್, ಒಂದೇ ನಾಲಿಗೆ

ನಾನು ಆಫ್ರಿಕಾ ತಜ್ಞ. ಪಶ್ಚಿಮ ದಿಕ್ಕಿನಲ್ಲಿ ನಾನು ತಲುಪಿರುವ ಕಟ್ಟಕಡೆಯ ಊರು ಪಣಜಿ. ಅಲ್ಲಿ ದಂಡೆಯ ಮೇಲೆ ನಿಂತು ಸಮುದ್ರದ ಕಡೆ ಕೈ ಮಾಡಿ, ‘ಅದರಾಚೆ ಇರೂದೆಲ್ಲಾ ನನ್ನ ಫೀಲ್ಡ್’ ಎಂದು ಗೆಳೆಯರಿಗೆ ಹೇಳಿದ್ದೆ. ನಾನು ಪಿಎಚ್‌ಡಿ ವಿಷಯವಾಗಿ ಆರಿಸಿಕೊಂಡಿದ್ದ ಜಾಂಬಿಯಾ ದೇಶಕ್ಕೆ ಸಮುದ್ರ ತಾಗುವುದೇ ಇಲ್ಲ ಎಂಬುದನ್ನು ಹೇಳಲಿಲ್ಲ. ಅವರೂ ಕೇಳಲಿಲ್ಲ. ಬೆಳಗಾವಿಯಲ್ಲಿ ಆಫ್ರಿಕಾ ತಜ್ಞನಾಗಿರುವುದರ ದೊಡ್ಡ ಸುಖ ಇದು: ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಖಾನಾಪುರದ ನಮ್ಮ ಮನೆಯಲ್ಲಿ ಮಾತ್ರ ಹಾಕುತ್ತಿದ್ದರು. ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತ ಶುರು ಮಾಡುತ್ತಿದ್ದ.

“ಏನ್ ಓದಾಕತ್ತೀಪಾ ಈಗ?”

“ಜಾಂಬಿಯಾದ ಸ್ಥಳೀಯ ಸರ್ಕಾರ ದೊಡ್ಡಪ್ಪ. ಅಲ್ಲಿ ವಾರ್ಡಿಗೊಬ್ಬ ಕೌನ್ಸಿಲರ್ ಇರ್ತಾರ. ನಮ್ಮ ಪಂಚಾಯ್ತಿ ಮೆಂಬರ್ ಇದ್ದಂಗ.”

“ಅಲ್ಲೂ ಗಟಾರ ಬಳಿಯೂದಿಲ್ಲೇನು?”

“ಬಳಿಯೂದಿಲ್ಲ.”

“ಮತ್ತ ಅಷ್ಟಕ್ಕ ಅಷ್ಟು ದೂರ ಯಾಕ? ನಮ್ಮ ಗಟಾರ ನೋಡಿ ಬರದ್ರ ಡಿಗ್ರಿ ಕೊಡೂದಿಲ್ಲಂತೇನು?”

ಇದನ್ನು ನಾನು ಹಾಸ್ಟೆಲ್ಲಿಗೆ ಬಂದು ದೊಡ್ಡಪ್ಪನ ದನಿಯಲ್ಲೇ ಮಾಡಿ ತೋರಿಸುತ್ತಿದ್ದೆ, ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸುವುದನ್ನೂ ಸೇರಿಸಿ. ನನಗೆ ಬರುವ ವಿದ್ಯೆ ನಿಜವಾಗಿ ಇದೊಂದೇ. ಕಂಡಕ್ಟರನೊಬ್ಬ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಬಯ್ದರೆ ನಂದಗಡ ಬರುವಷ್ಟರಲ್ಲಿ ಅವನ ದನಿ ನನ್ನ ಗಂಟಲಲ್ಲಿ ಕೂತಿರುತ್ತಿತ್ತು. ನನ್ನ ಗೈಡ್ ಸರ್ ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತ, “ನೋಡು, ಅಕಾಡೆಮಿಕ್ ಆಗಿ ಹೇಳಬೇಕಂದ್ರ…” ಅನ್ನುವುದನ್ನು ಮಾಡಿದರೆ ಅವರ ಹಳೆಯ ವಿದ್ಯಾರ್ಥಿಗಳು ಎದ್ದು ನಿಲ್ಲುತ್ತಿದ್ದರು. ನನ್ನನ್ನೂ ಬಿಟ್ಟಿರಲಿಲ್ಲ. ನನ್ನ ಇಂಗ್ಲಿಷಿನ ‘ಸಂಶೋಧಕ ದನಿ’ ಮೂಗಿನಿಂದ ಹೊರಟು, ರೈಲು ನಿಲ್ದಾಣದ ಪ್ರಕಟಣೆಯಂತೆ ಎಲ್ಲರಿಗೂ ಕೇಳಿಸಿ ಯಾರಿಗೂ ತಿಳಿಯದ ಹಾಗಿರುತ್ತದೆ.

ಜಾಂಬಿಯಾಕ್ಕೆ ಹೋಗುವ ಅನುಮತಿ ಕೊನೆಗೂ ಬರಲಿಲ್ಲ. ಗೈಡ್ ಸರ್‌ಗೆ ದಿಲ್ಲಿಯ ಕಾರ್ಯಾಗಾರವೊಂದರಲ್ಲಿ ಪರಿಚಯವಾಗಿದ್ದ ಅಲ್ಲಿಯ ಅಧಿಕಾರಿಯೊಬ್ಬರು ಹನ್ನೊಂದು ಕೌನ್ಸಿಲರುಗಳ ಫೋನ್ ನಂಬರ್ ಕೊಟ್ಟರು. ಒಂದು ವರ್ಷ ನಾನು ಹಾಸ್ಟೆಲ್ಲಿನ ನೀರಿನ ಟ್ಯಾಂಕಿನ ಪಕ್ಕ, ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ ಕೂತು, ಅವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದೆ. ಬೋರ್‌ವೆಲ್ ಯಾವ ಹಳ್ಳಿಗೆ ಎಂದು ಯಾರು ತೀರ್ಮಾನಿಸುತ್ತಾರೆ, ಸಭೆಯ ಠರಾವನ್ನು ಯಾರು ಬರೆಯುತ್ತಾರೆ, ಹೆಂಗಸರು ಮಾತಾಡಿದರೆ ಗಂಡಸರು ಏನು ಮಾಡುತ್ತಾರೆ. ಅವರು ಬೇಸರಿಸಿಕೊಳ್ಳದೆ ಉತ್ತರ ಕೊಟ್ಟರು. ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡೆ, ಕಾಗದಕ್ಕಿಳಿಸುವುದನ್ನು ಮಾತ್ರ ಕೊನೆಗೆಂದು ಇಟ್ಟುಕೊಂಡೆ.

ಪ್ರತಿ ಕರೆ ಮುಗಿದ ಮೇಲೆ ಕೋಣೆಯಲ್ಲಿ ಆಟ. ನನ್ನ ಕೋಣೆಯ ಗೆಳೆಯ ರಸಾಯನಶಾಸ್ತ್ರದವನು, ಇಲ್ಲೇ ಬೆಳಗಾವಿಯ ಶಹಾಪುರದ ನೇಕಾರರ ಮನೆಯವನು. ಮಂಚದ ಮೇಲೆ ಕಾಲು ಚಾಚಿ, “ಲೇ ಆಫ್ರಿಕಾ, ಇವತ್ತಿನ ಗಿರಾಕಿ ಯಾರು?” ಎಂದು ಕೇಳುತ್ತಿದ್ದ. ನಾನು ಆ ದಿನದ ಕೌನ್ಸಿಲರನ್ನು ಮಾಡಿ ತೋರಿಸುತ್ತಿದ್ದೆ. “ಇಂಗ್ಲಿಷ್ ಬ್ಯಾಡಲೇ, ದಿನಾ ಲ್ಯಾಬಿನಾಗ ಅದ ಐತಿ. ಕನ್ನಡದಾಗ ಹೇಳು,” ಎನ್ನುತ್ತಿದ್ದ. ಹೀಗೆ ಹನ್ನೊಂದು ಮಂದಿ ಜಾಂಬಿಯಾದ ಕೌನ್ಸಿಲರುಗಳು ನಮ್ಮ ಕೋಣೆಯಲ್ಲಿ ಒಂದು ವರ್ಷ ಖಾನಾಪುರದ ಕನ್ನಡ ಮಾತಾಡಿದರು. ನಕ್ಕು ನಕ್ಕು ಪಕ್ಕದ ಕೋಣೆಯವರೂ ಬಂದು ಕೂರುತ್ತಿದ್ದರು. ಇದರಲ್ಲಿ ತಪ್ಪೇನಿದೆ ಎಂದು ನನಗೆ ಆಗ ಅನ್ನಿಸಲಿಲ್ಲ.

ಆಮೇಲೆ ಪೆನ್‌ಡ್ರೈವ್ ಕೆಟ್ಟಿತು. ಗ್ರಂಥಸೂಚಿ ಪ್ರಿಂಟ್ ಹಾಕಿಸಲು ಅದನ್ನು ಝೆರಾಕ್ಸ್ ಅಂಗಡಿಗೆ ಕೊಟ್ಟಿದ್ದೆ. ಆ ಅಂಗಡಿಯ ಕಂಪ್ಯೂಟರಿನಲ್ಲಿ ಊರಿನ ಎಲ್ಲ ವೈರಸ್ಸುಗಳೂ ಬಾಡಿಗೆ ಇಲ್ಲದೆ ವಾಸವಾಗಿದ್ದವು. ವಾಪಸ್ ತಂದು ತೆರೆದರೆ ‘ಜಾಂಬಿಯಾ’ ಎಂಬ ಫೋಲ್ಡರಿನ ಹೆಸರು ಇದೆ, ಒಳಗೆ ಏನೂ ಇಲ್ಲ. ಫೋನಿನಲ್ಲಿದ್ದ ಮೂಲವನ್ನು, ಜಾಗ ಸಾಲುವುದಿಲ್ಲ ಎಂದು, ನಾನೇ ಅಳಿಸಿದ್ದೆ. ಗೆಳೆಯ ತನ್ನ ಲ್ಯಾಬಿನ ಜಾಣರಿಗೆಲ್ಲ ತೋರಿಸಿದ. ಎಲ್ಲರೂ ಹೆಣ ನೋಡಿದ ಡಾಕ್ಟರಂತೆ ತಲೆ ಅಲ್ಲಾಡಿಸಿದರು.

ಥೀಸಿಸ್ ಕೊಡಲು ಮೂರು ವಾರ ಉಳಿದಿತ್ತು. ಅದೂ ಕಡೆಯ ವಿಸ್ತರಣೆ. ತಪ್ಪಿದರೆ ನೋಂದಣಿ ರದ್ದು. ಇದರ ಮೇಲೆ ಇನ್ನೊಂದು ಕೂತಿತ್ತು. ದಿಲ್ಲಿಯ ಅಭಿವೃದ್ಧಿ ಅಧ್ಯಯನದ ಸಂಸ್ಥೆಯೊಂದು ನನ್ನನ್ನು ಲುಸಾಕಾದ ಕೆಲಸಕ್ಕೆ ಆರಿಸಿತ್ತು: ಎರಡು ವರ್ಷ, ಜಾಂಬಿಯಾದಲ್ಲೇ, ಆ ವಾರ್ಡುಗಳಲ್ಲೇ. ಷರತ್ತು ಒಂದೇ, ಡಾಕ್ಟರೇಟ್ ಕೈಯಲ್ಲಿರಬೇಕು. ಒಂದು ವರ್ಷ ನಾನು ಫೋನಿನಲ್ಲಿ ಕೇಳಿದ ಕೋಳಿಗಳ ಕೂಗನ್ನು ನಿಜವಾಗಿ ಕೇಳುವ ದಾರಿ ಅದು. ಬೇರೆ ದಾರಿ ಇರಲಿಲ್ಲ, ಈಗಲೂ ಇಲ್ಲ.

ಗೈಡ್ ಸರ್‌ಗೆ ಹೇಳಲಿಲ್ಲ. ಗೆಳೆಯನೇ ಉಪಾಯ ಹೇಳಿದ.

“ಅಳತಿ ಯಾಕ? ಹನ್ನೊಂದೂ ಮಂದಿ ನಿನ್ನ ಗಂಟಲದಾಗ ಅದಾರಲ್ಲ. ನೀ ಆಡು, ನಾ ಟೈಪ್ ಮಾಡ್ತೀನಿ.”

ಶಹಾಪುರದ ಅವನ ಮನೆಯ ಅಟ್ಟದಲ್ಲಿ ಹದಿನಾರು ದಿನ ಕೂತೆವು. ಕೆಳಗೆ ಪವರ್‌ಲೂಮ್ ನಡೆಯುತ್ತಿದ್ದುದರಿಂದ ಕೌನ್ಸಿಲರುಗಳೆಲ್ಲ ಕೂಗಿ ಮಾತಾಡಬೇಕಾಯಿತು. ನಾನು ಮೊದಲು ಕನ್ನಡದಲ್ಲಿ ಆಡುತ್ತಿದ್ದೆ, ಆಮೇಲೆ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದೆ, ಅವನು ಕೀಬೋರ್ಡ್ ಬಡಿಯುತ್ತಿದ್ದ. ಥೀಸಿಸ್ಸಿನಲ್ಲಿ ಹೆಸರು ಹಾಕುವಂತಿಲ್ಲ, ಆದ್ದರಿಂದ ಕೌನ್ಸಿಲರ್ ಎ, ಬಿ, ಸಿ.

“ಈಗ ಯಾರ ಪಾಳಿ?” ಗೆಳೆಯ ಕೇಳಿದ.

“ಸಿ. ಹೆಣ್ಣಮಗಳು. ರಿಟೈರ್ಡ್ ಟೀಚರ್.”

“ಹಂಗಾರ ಸೆರಗು ಯಾಕ ಸರಿಮಾಡ್ಕೊಳ್ಳಾಕತ್ತಿ? ಅಲ್ಲಿ ಸೀರಿ ಉಡ್ತಾರೇನ್ಲೇ?”

ನನ್ನ ಕೈ ಎಡ ಭುಜದ ಮೇಲಿತ್ತು. ಇಬ್ಬರೂ ನಕ್ಕೆವು. ನಾನು ಕೈ ಇಳಿಸಿ ಸಿ ಆಗಿ ಮುಂದುವರಿದೆ. ಆ ದಿನ ಸಿ ಬಾಯಿಂದ ಬಂದ ಒಂದು ಮಾತಿಗೆ ಗೆಳೆಯ ಟೈಪ್ ಮಾಡುವುದನ್ನೇ ನಿಲ್ಲಿಸಿದ: ‘ನನಗೆ ಸಹಿ ಮಾಡುವುದನ್ನು ಕಲಿಸಿದರು. ಬೇಡ ಅನ್ನುವುದನ್ನು ಯಾರೂ ಕಲಿಸಲಿಲ್ಲ.’

“ಯಪ್ಪಾ,” ಎಂದ ಗೆಳೆಯ. “ಇದನ್ನ ಅಧ್ಯಾಯದ ಹೆಸರ ಮಾಡು.”

ಮಾಡಿದೆ. ಥೀಸಿಸ್ ದಿನದೊಳಗೆ ಹೋಯಿತು. ಗೈಡ್ ಸರ್ ಆ ಅಧ್ಯಾಯ ಓದಿ ನನ್ನನ್ನು ಕರೆಸಿ, ಕನ್ನಡಕ ಹುಡುಕದೆ, ನೇರ ನನ್ನ ಮುಖ ನೋಡಿದರು. “ಮೂವತ್ತು ವರ್ಷ ಆತು ನಾ ಈ ಕೆಲಸ ಮಾಡಾಕತ್ತು. ಇಂಥಾ ಒಂದು ಮಾತು ನನಗ ಫೀಲ್ಡಿನಾಗ ಸಿಕ್ಕಿಲ್ಲ,” ಎಂದರು. ಆ ಮಾತನ್ನು ಅವರೂ ಒಂದು ಸಮ್ಮೇಳನದಲ್ಲಿ, ನನ್ನ ಹೆಸರು ಹೇಳಿಯೇ, ಬಳಸಿದರು. ನಾನು ಆ ವಾರವೆಲ್ಲ ಹಾಸ್ಟೆಲ್ಲಿನಲ್ಲಿ ಅವರ ಹೊಗಳಿಕೆಯನ್ನು ಮಾಡಿ ತೋರಿಸಿದೆ. ಗೆಳೆಯ, “ನಿನ್ನ ಹೊಗಳಿದ್ದನ್ನ ನೀನ ಎಷ್ಟ ಸಲ ಆಡ್ತಿ?” ಎಂದ.

ಮೌಖಿಕ ಪರೀಕ್ಷೆಗೆ ಹನ್ನೊಂದು ದಿನ ಇದ್ದಾಗ ಖಾನಾಪುರದ ಮನೆಯಲ್ಲಿ ನನ್ನ ಅಕ್ಕನ ಕೂಸಿನ ತೊಟ್ಟಿಲು ಕಾರ್ಯ. ಬೀಡಿ ಎಂಬ ಊರಿನ ಹತ್ತಿರದ ಹಳ್ಳಿಯಿಂದ ಅತ್ತೆ ಬಂದಿದ್ದಳು. ನಮ್ಮಪ್ಪನ ತಂಗಿ ಆಕೆ. ಮಹಿಳಾ ಮೀಸಲಾತಿಯಲ್ಲಿ ಪಂಚಾಯ್ತಿ ಮೆಂಬರ್ ಆಗಿದ್ದಳು. ಸಾಲಿ ಕಲಿತವಳಲ್ಲ. ಆರಿಸಿ ಬಂದ ಮೇಲೆ ಮಾವ ಆಕೆಯನ್ನು ಕೂರಿಸಿ ಸಹಿ ಕಲಿಸಿದ್ದ.

ಊಟ ಮುಗಿದು ಹೆಂಗಸರು ಎಲೆ ಅಡಿಕೆ ಹಾಕಿಕೊಳ್ಳುವಾಗ ದೊಡ್ಡಪ್ಪ ನನ್ನನ್ನು ಎಬ್ಬಿಸಿದ. “ಏ, ನಮ್ಮ ಮೆಂಬರ್ ಬಾಯಾರನ್ನ ಮಾಡಿ ತೋರ್ಸೋ. ಅಕಿ ಮುಂದನ ಮಾಡಬೇಕು ನೋಡು.”

“ಮಾಡಪಾ ಮಾಡು,” ಎಂದಳು ಅತ್ತೆ. “ಪಂಚಾಯ್ತ್ಯಾಗ ಎಲ್ಲಾರೂ ನನ್ನ ಆಡಿಸ್ತಾರ, ನೀ ಒಬ್ಬಾಂವ ಉಳದಿದ್ದಿ.”

ನಾನು ಎದ್ದು ನಿಂತೆ. ಸೆರಗು ಎಡ ಭುಜದ ಮೇಲೆ ಸರಿಮಾಡಿಕೊಂಡೆ. ದನಿ ಕೆಳಗಿಳಿಯಿತು. ಸಭೆಗೆ ಹೋದದ್ದು, ಪಿಡಿಒ ಕುರ್ಚಿ ತೋರಿಸಿದ್ದು, ಚಹಾ ಬಂದದ್ದು, ರಜಿಸ್ಟರ್ ಮುಂದೆ ಇಟ್ಟದ್ದು, ಎಲ್ಲ ಮಾಡಿದೆ. ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಆಗ ನನ್ನ ಬಾಯಿಂದ, ನಾನು ಯೋಚಿಸುವ ಮೊದಲೇ, ಬಂತು:

“ಸಹಿ ಮಾಡೂದು ಕಲಿಸಿದ್ರವ್ವಾ. ಬ್ಯಾಡ ಅನ್ನೂದು ಯಾರೂ ಕಲಿಸಲಿಲ್ಲ.”

ನಗು ಹೆಚ್ಚಾಯಿತು. ನಾನು ನಿಂತೇ ಇದ್ದೆ.

“ಅತ್ತಿ,” ಎಂದೆ, ನನ್ನ ದನಿಯಲ್ಲಿ. “ಈ ಮಾತು ನೀ ಅಂದದ್ದೇನು?”

“ಮತ್ಯಾರು ಅಂತಾರ? ನೀನ ಕೂತು ಕೇಳಿದ್ಯಲ್ಲೋ. ಹ್ವಾದ ವರ್ಷ, ಭತ್ತದ ಹುಲ್ಲ ಒಟ್ಟೂ ಮುಂದ, ನಮ್ಮ ಹಿತ್ತಲದಾಗ. ಖರೇ ಹೇಳಬೇಕಂದ್ರ ಅದನ್ನ ಕೇಳಿ ನೀ ನಗಲೂ ಇಲ್ಲ ಅವತ್ತ.”

ಹೊರಗೆ ಬಂದು ಬಾವಿಯ ಕಟ್ಟೆಯ ಮೇಲೆ ಕೂತೆ. ಒಳಗೆ ಇನ್ನೂ ನಗುತ್ತಿದ್ದರು. ಚೀಲದಲ್ಲಿ ಥೀಸಿಸ್ಸಿನ ಒಂದು ಪ್ರತಿ ಇತ್ತು, ಅಪ್ಪನಿಗೆ ತೋರಿಸಲೆಂದು ತಂದದ್ದು. ಹಿಂದಿನ ಅನುಬಂಧ ತೆರೆದೆ. ‘ಕೌನ್ಸಿಲರ್ ಸಿ: ಮಹಿಳೆ, ನಿವೃತ್ತ ಶಿಕ್ಷಕಿ.’ ಇಡೀ ಜೀವನ ಮಕ್ಕಳಿಗೆ ಅಕ್ಷರ ಕಲಿಸಿದವಳಿಗೆ ಯಾರೋ ಬಂದು ಸಹಿ ಕಲಿಸಿದರು ಎಂದು ನಾನು ಬರೆದಿದ್ದೆ. ಗೈಡ್ ಸರ್ ಓದಿದ್ದರು, ಇಬ್ಬರು ಪರೀಕ್ಷಕರು ಓದಿ ಮೆಚ್ಚಿದ್ದರು. ಮಾತು ಅಷ್ಟು ಚೆನ್ನಾಗಿತ್ತು.

ಅಲ್ಲೇ ಕೂತು ಕೌನ್ಸಿಲರ್ ಸಿಗೆ ಫೋನ್ ಮಾಡಿದೆ. ಆಕೆ ಎತ್ತಿದಳು, ಹಿಂದೆ ಮಳೆ ಬೀಳುವ ಸದ್ದು. ಆಕೆಯ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಈ ಸಲ ಏನೂ ಸೇರಿಸದೆ. ಎಲ್ಲ ಹೇಳಿದೆ. ಆ ವಾಕ್ಯ ಓದಿದೆ.

“ನನಗೆ ಸಹಿ ಕಲಿಸಿದವರು ಯಾರಪ್ಪಾ?” ಎಂದಳು. “ಈ ವಾರ್ಡಿನ ಅರ್ಧ ಜನಕ್ಕೆ ಸಹಿ ಕಲಿಸಿದವಳು ನಾನು.”

“ಹೆಸರು ಹಾಕಿಲ್ಲ ಮೇಡಂ. ಕೌನ್ಸಿಲರ್ ಸಿ ಅಂತಷ್ಟೇ ಇದೆ.”

“ಟೀಚರ್ ಅಂತ ಬರೆದಿದ್ದೀಯಾ?”

“ಹೌದು.”

“ನಮ್ಮ ಕೌನ್ಸಿಲಿನಲ್ಲಿ ಟೀಚರ್ ಆಗಿದ್ದ ಹೆಂಗಸು ನಾನೊಬ್ಬಳೇ. ಹೆಸರು ಯಾಕೆ ಬೇಕು?” ಸಿಟ್ಟಿರಲಿಲ್ಲ ದನಿಯಲ್ಲಿ. ಹೋಮ್‌ವರ್ಕ್ ತರದ ಹುಡುಗನ ಜೊತೆ ಮಾತಾಡಿದ ಹಾಗೆ ಇತ್ತು. “ನಾನು ನಿನಗೆ ಬೇರೆ ಮಾತು ಹೇಳಿದ್ದೆನಲ್ಲ. ಬೇಡ ಅಂದದ್ದರ ಬಗ್ಗೆ. ಎರಡು ಸಲ ಸಹಿ ಹಾಕದೆ ಎದ್ದು ಬಂದದ್ದರ ಬಗ್ಗೆ. ಅದು ಎಲ್ಲಿ?”

ಅದು ಎಲ್ಲೂ ಇರಲಿಲ್ಲ. ಹಾಸ್ಟೆಲ್ಲಿನ ಆಟದಲ್ಲಿ ಅದಕ್ಕೆ ಯಾರೂ ನಕ್ಕಿರಲಿಲ್ಲ. ನಗದಿದ್ದುದನ್ನು ನನ್ನ ನಾಲಿಗೆ ಬಿಟ್ಟುಬಿಟ್ಟಿತ್ತು.

ಅವತ್ತಿನಿಂದ ನನಗೆ ಹಿಡಿದದ್ದು ಇನ್ನೊಂದು ಭಯ. ಒಂದು ವಾಕ್ಯ ಅತ್ತೆಯದಾದರೆ ಉಳಿದವು ಯಾರವು? ಬೆಳಗಾವಿಗೆ ಬಂದು ಆ ಅಧ್ಯಾಯವನ್ನು ಒಂದೊಂದೇ ಸಾಲು ಗಟ್ಟಿಯಾಗಿ ಓದಿದೆ. ‘ಬೋರ್‌ವೆಲ್ ಮುಖಂಡನ ಮನೆಯ ವಾಸನೆ ಹಿಡಿದು ಹೋಗುತ್ತದೆ’: ಇದು ಕೌನ್ಸಿಲರ್ ಎಫ್ ಅಂದದ್ದೋ, ದೊಡ್ಡಪ್ಪನೋ? ‘ಸಭೆಯಲ್ಲಿ ನಾವು ಕೈ ಎತ್ತುವುದು ಫ್ಯಾನ್ ಹಾಕಿಸಲು ಮಾತ್ರ’: ಇದು ನನ್ನದೇ ಹಾಸ್ಯದಂತೆ ಕೇಳಿಸುತ್ತಿತ್ತು, ಆದರೆ ಕೌನ್ಸಿಲರ್ ಎಚ್ ಕೂಡ ಚೇಷ್ಟೆಯ ಮನುಷ್ಯ. ಓದಿದಷ್ಟೂ ದನಿಗಳು ಕಲಸಿಹೋದವು. ಎಲ್ಲವನ್ನೂ ನಾನು ಆಡಬಲ್ಲೆ, ಆದರೆ ಒಂದನ್ನೂ ಗುರುತಿಸಲಾರೆ. ಗೆಳೆಯ ತಾನೇ ಟೈಪ್ ಮಾಡಿದ ಪುಟಗಳನ್ನು ನೋಡಿ, “ನಾ ಬರೇ ಬಡದೇನಿ, ದೇವರಾಣಿ,” ಎಂದ. ಅವನನ್ನೂ ಆಡಿ ನಗಿಸೋಣ ಎಂದರೆ ಬಾಯಿ ಏಳಲಿಲ್ಲ.

ಮೂರನೆಯ ದಿನ ಗೈಡ್ ಸರ್ ಕೋಣೆಗೆ ಹೋದೆ. ಪೆನ್‌ಡ್ರೈವಿನಿಂದ ಶುರುಮಾಡಿ ಬಾವಿಯ ಕಟ್ಟೆಯವರೆಗೆ ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿದರು.

“ಎಷ್ಟು ಮಂದಿಗೆ ಗೊತ್ತೈತಿ?”

“ನಮ್ಮ ಅತ್ತಿಗೆ ಸರ್, ಅಪ್ಪನ ತಂಗಿಗೆ. ಜಾಂಬಿಯಾದ ಅವರಿಗೆ. ನನ್ನ ರೂಮ್‌ಮೇಟಿಗೆ.”

“ನಿಮ್ಮ ಅತ್ತಿ ಇಂಗ್ಲಿಷ್ ಥೀಸಿಸ್ ಓದಾಕಿ ಏನು?”

“ಅಲ್ಲ ಸರ್.”

“ಮತ್ತೇನು!” ಎಂದರು. ಆಮೇಲೆ ತಾವೇ ಆ ಮಾತಿಗೆ ನಾಚಿದವರಂತೆ ಕೂತರು. “ನೋಡು. ಆ ಮಾತು ಬೀಡಿ ಕಡೆ ಖರೇ ಐತಿ, ಜಾಂಬಿಯಾದಾಗೂ ಎಲ್ಲೋ ಒಬ್ಬಾಕಿಗೆ ಖರೇ ಇದ್ದ ಇರ್ತದ. ನಾ ಮುಂದಿನ ಮಾರ್ಚಿಗೆ ರಿಟೈರ್ ಆಕ್ಕೇನಿ. ನೀ ನನ್ನ ಕಡೀ ವಿದ್ಯಾರ್ಥಿ. ನಾ ಅದನ್ನ ಇನ್ನೂರು ಮಂದಿ ಮುಂದ ಹೇಳಿ ಬಂದೇನಿ. ವೈವಾ ಮುಗಿಸು. ಲುಸಾಕಾಕ್ಕ ಹೋಗು. ಅಲ್ಲಿ ಹೋದ ಮ್ಯಾಲ ಅಕಿ ಮನೀಗೆ ಹೋಗಿ ಕಾಲಿಗೆ ಬೀಳು.”

ಅವರ ಮಾತಿನಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ಒಪ್ಪಿಕೊಂಡೇ ಹೊರಗೆ ಬಂದೆ. ಇದನ್ನು ಮುಚ್ಚಿಡುವುದಿಲ್ಲ: ಆ ಎಂಟು ದಿನ ನಾನು ಬಾಯಿ ಮುಚ್ಚಿಕೊಂಡಿರುವುದನ್ನೇ ಅಭ್ಯಾಸ ಮಾಡಿದೆ, ಕನ್ನಡಿಯ ಮುಂದೆ ನಿಂತು.

ಪರೀಕ್ಷಕಿ ಹೈದರಾಬಾದಿನಿಂದ ಬಂದಿದ್ದರು. ಸಣ್ಣ ದನಿಯ ಹೆಂಗಸು. ಥೀಸಿಸ್ಸಿಗೆ ಹಳದಿ ಚೀಟಿಗಳನ್ನು ಅಂಟಿಸಿಕೊಂಡಿದ್ದರು. ಮುಕ್ಕಾಲು ಗಂಟೆ ಎಲ್ಲ ಸರಾಗವಾಗಿ ನಡೆಯಿತು. ನನ್ನ ರೈಲು ನಿಲ್ದಾಣದ ಇಂಗ್ಲಿಷು ಕೂಡ ಅವತ್ತು ಸಮಯಕ್ಕೆ ಸರಿಯಾಗಿ ಓಡಿತು. ಕೊನೆಗೆ ಅವರು ಪೆನ್ ಮುಚ್ಚಿ, ಹೊಗಳುವ ದನಿಯಲ್ಲೇ, “ಇಂಥ ಸಂದರ್ಶನಗಳು ಕಪಾಟಿನಲ್ಲಿ ಉಳಿಯಬಾರದು. ರೆಕಾರ್ಡಿಂಗುಗಳನ್ನು ಗ್ರಂಥಾಲಯಕ್ಕೆ ಕೊಡುತ್ತೀರಾ?” ಎಂದು ಕೇಳಿದರು.

‘ನೋಡೋಣ ಮೇಡಂ’ ಅಂದಿದ್ದರೆ ಸಾಕಿತ್ತು. ಗೈಡ್ ಸರ್ ಕಿಟಕಿಯ ಕಡೆ ತಿರುಗಿದ್ದರು. ನಾನು ಬಾಯಿ ತೆರೆದೆ. ಯಾರ ದನಿ ಬೇಕೆಂದು ಒಂದು ಕ್ಷಣ ಹುಡುಕಿದೆ. ಇಷ್ಟು ದೊಡ್ಡ ಸುಳ್ಳನ್ನು ಸಲೀಸಾಗಿ ಹೇಳಬಲ್ಲವರ ದನಿಗಳು ನನ್ನ ಹತ್ತಿರ ನಾಲ್ಕಾದರೂ ಇದ್ದವು. ಒಂದೂ ಬರಲಿಲ್ಲ.

“ರೆಕಾರ್ಡಿಂಗ್ ಇಲ್ಲ ಮೇಡಂ,” ಎಂದೆ. ಉಳಿದದ್ದನ್ನೂ ಹೇಳಿದೆ.

ಅವರು ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. “ಇದರಲ್ಲಿ ಯಾವ ವಾಕ್ಯಗಳು ಅವರವು?”

“ಗೊತ್ತಿಲ್ಲ.”

ಹಳದಿ ಚೀಟಿಗಳನ್ನು ಅವರು ಒಂದೊಂದಾಗಿ ಕಿತ್ತು ಮೇಜಿನ ಅಂಚಿಗೆ ಅಂಟಿಸಿದರು. ತೀರ್ಪು ಅರ್ಧ ಗಂಟೆಯಲ್ಲಿ ಬಂತು. ಪದವಿ ಕೊಡುವಂತಿಲ್ಲ. ಆರು ತಿಂಗಳ ಸಮಯ: ಅಧ್ಯಾಯದ ಪ್ರತಿಯೊಂದು ಉಲ್ಲೇಖವನ್ನೂ ಆಡಿದವರಿಗೇ ಓದಿ ಹೇಳಬೇಕು, ಅವರು ತಮ್ಮದೆಂದು ಒಪ್ಪಿದ್ದು ಉಳಿಯಬೇಕು, ಉಳಿದದ್ದು ಹೋಗಬೇಕು. ದಿಲ್ಲಿಯ ಸಂಸ್ಥೆಯವರು ಆರು ದಿನ ಕಾಯಬಲ್ಲವರಾಗಿದ್ದರು, ಆರು ತಿಂಗಳಲ್ಲ. ಬಹಳ ಸಭ್ಯ ಪತ್ರ ಬಂತು. ಗೈಡ್ ಸರ್ ಅವತ್ತಿನಿಂದ ನನ್ನನ್ನು ಬಹುವಚನದಲ್ಲಿ ಕರೆಯುತ್ತಾರೆ. “ಬರ್ರಿ, ಕುಂದರ್ರಿ,” ಎನ್ನುತ್ತಾರೆ. ಅದನ್ನು ನಾನು ಯಾರಿಗೂ ಮಾಡಿ ತೋರಿಸಿಲ್ಲ.

ಈಗ ನಾಲ್ಕು ತಿಂಗಳು ಕಳೆದಿವೆ. ಸಿ ತನ್ನ ಅಷ್ಟೂ ಉತ್ತರಗಳನ್ನು ಹೊಸದಾಗಿ, ತನ್ನ ಕೈಯಿಂದ ಬರೆದು, ಫೋಟೊ ತೆಗೆದು ಕಳಿಸಿದಳು. ಅಕ್ಷರಗಳು ಮುತ್ತಿನಂತಿವೆ, ಕೆಳಗೆ ಒಂದು ಸಾಲೂ ವಿಶ್ವಾಸದ ಮಾತಿಲ್ಲ. ಹನ್ನೊಂದರಲ್ಲಿ ಐದು ನಂಬರುಗಳು ಬಂದ್ ಆಗಿವೆ. ಒಬ್ಬರು ತೀರಿಕೊಂಡಿದ್ದಾರೆ, ಅವರ ಮಗಳು ಫೋನ್ ಎತ್ತಿ, “ಅಪ್ಪ ಏನು ಹೇಳಿದ್ದರು?” ಎಂದು ನನ್ನನ್ನೇ ಕೇಳಿದಳು. ಆಕೆಯ ಅಪ್ಪನ ದನಿ ನನ್ನ ಗಂಟಲಲ್ಲಿ ಹಾಗೇ ಇತ್ತು, ಮಾತುಗಳ ಬಗ್ಗೆ ಭರವಸೆ ಇರಲಿಲ್ಲ. ಕರೆ ಕಟ್ ಮಾಡಿದೆ, ಆ ಭಾಗ ಪೂರ್ತಿ ತೆಗೆದೆ.

ಉಳಿದವರಿಗೆ ಒಂದೊಂದೇ ಸಾಲು ಓದುತ್ತಿದ್ದೇನೆ. ಅವರಿಗೂ ನೆನಪಿಲ್ಲ. ‘ಅಂದಿರಬಹುದು’ ಎನ್ನುತ್ತಾರೆ. ಅಂದಿರಬಹುದು ಎಂಬುದು ಲೆಕ್ಕಕ್ಕಿಲ್ಲ. ಎಂಬತ್ತು ಪುಟಗಳಿದ್ದ ಅಧ್ಯಾಯ ಈಗ ಹತ್ತೊಂಬತ್ತಕ್ಕೆ ಬಂದಿದೆ. ಅಷ್ಟರಿಂದ ಡಾಕ್ಟರೇಟ್ ಆಗುತ್ತದೆಯೇ ಎಂದು ಗೈಡ್ ಸರ್‌ಗೆ ಕೇಳುವ ಧೈರ್ಯವಿಲ್ಲ.

ನಿನ್ನೆ ಕೌನ್ಸಿಲರ್ ಎಚ್ ಫೋನಿನಲ್ಲಿ ಸಿಕ್ಕರು, ಚೇಷ್ಟೆಯ ಮನುಷ್ಯ. ಫ್ಯಾನಿನ ವಾಕ್ಯ ಓದಿದೆ. ಆ ಕಡೆ ಜೋರಾಗಿ ನಕ್ಕರು.

“ಬಹಳ ಚೆನ್ನಾಗಿದೆ. ನಾನೇ ಹೇಳಿದ್ದು ಅಂತ ಬರೆದುಕೊ.”

“ಸರ್, ನೀವು ಹೇಳಿದ್ದಿರಾ?”

“ಇಲ್ಲ. ನಮ್ಮ ಸಭಾಗೃಹದಲ್ಲಿ ಫ್ಯಾನೇ ಇಲ್ಲ. ಆದರೆ ನಿನಗೆ ಬೇಕಾಗಿದೆ ಅನ್ನಿಸುತ್ತೆ. ತಗೊ.”

ನನ್ನ ಮುಂದೆ ಕೆಂಪು ಪೆನ್ ಇತ್ತು. ಆ ಸಾಲಿನ ಮೇಲೆ ಗೆರೆ ಎಳೆದೆ. “ಇನ್ನೂ ಹದಿನಾಲ್ಕು ವಾಕ್ಯಗಳಿವೆ ಸರ್,” ಎಂದೆ. “ಹೊತ್ತಿದೆಯಾ ನಿಮಗೆ?”

“ಓದು,” ಎಂದರು. “ನಾನು ಕೂತಿರುವ ಮಿನಿಬಸ್ಸು ತುಂಬಿ ಹೊರಡಲು ಇನ್ನೂ ನಾಲ್ಕು ಜನ ಬರಬೇಕು.”